ಸಾಬುವನ್ನು ಯಾರೂ ಕಂಡುಹಿಡಿಯಲಿಲ್ಲ

2024ರ ಜನವರಿಯಲ್ಲಿ ನಮ್ಮ ಕಡೆಯ ಒಂದು ಊರಿನಲ್ಲಿ ಸಾಬುವಿನ ಜನ್ಮಶತಮಾನೋತ್ಸವ ನಡೆಯಿತು. ಸಮಿತಿಯ ಹೆಸರು ಬೇಡ, ಅದರಲ್ಲಿರುವವರೆಲ್ಲ ಒಳ್ಳೆಯವರೇ. ನಿವೃತ್ತ ಮೇಷ್ಟ್ರು ಎಂಬ ಕಾರಣಕ್ಕೆ, ಮತ್ತು ಹಿಂದೊಮ್ಮೆ ಸಾಬುವಿನ ಮೇಲೆ ಪತ್ರಿಕೆಯಲ್ಲಿ ಬರೆದಿದ್ದೆನೆಂಬ ಕಾರಣಕ್ಕೆ ನನ್ನನ್ನೂ ಕರೆದಿದ್ದರು. ಶಾಮಿಯಾನದ ಹಿಂದೆ ದೊಡ್ಡ ಫ್ಲೆಕ್ಸು. ಅದರ ಒಂದು ಮೂಲೆಯಲ್ಲಿ ಸಾಬುವಿನ ಪೇಟ ಸುತ್ತಿದ ಫೋಟೋ, ಇನ್ನೊಂದು ಮೂಲೆಯಲ್ಲಿ ಡಿಸ್ನಿ ಕಂಪನಿಯವರ ವ್ಯಂಗ್ಯಚಿತ್ರದ ಮೊಗ್ಲಿ. ಆ ವ್ಯಂಗ್ಯಚಿತ್ರ ಬಂದದ್ದು 1967ರಲ್ಲಿ, ಸಾಬು ತೀರಿಕೊಂಡು ನಾಲ್ಕು ವರ್ಷದ ಮೇಲೆ. ಇರಲಿ, ಫ್ಲೆಕ್ಸ್ ಮಾಡುವ ಹುಡುಗನಿಗೆ ಕಂಪ್ಯೂಟರಿನಲ್ಲಿ ಸಿಕ್ಕಿದ್ದು ಅದು. ನನ್ನ ತಕರಾರು ಫ್ಲೆಕ್ಸಿನ ಮೇಲಲ್ಲ, ಭಾಷಣಗಳ ಮೇಲೆ.

ಅವತ್ತು ಆರು ಜನ ಮಾತಾಡಿದರು. ಆರೂ ಜನ ಎರಡು ಮಾತನ್ನು ತಪ್ಪದೆ ಹೇಳಿದರು. ಒಂದು, ಬಿಳಿಯರು ಬಂದು ಸಾಬುವನ್ನು 'ಕಂಡುಹಿಡಿದರು'. ಎರಡು, ಅವನದು 'ಅದೃಷ್ಟ'. ಒಬ್ಬರಂತೂ ಹಣೆಬರಹ, ಪೂರ್ವಜನ್ಮದ ಪುಣ್ಯ ಎಂದೆಲ್ಲ ವಿಸ್ತರಿಸಿ, ಮುಂದಿನ ಸಾಲಿನಲ್ಲಿ ಕೂತಿದ್ದ ಶಾಲಾ ಮಕ್ಕಳಿಗೆ 'ನಿಮಗೂ ಯಾವಾಗ ಅದೃಷ್ಟ ಬರುತ್ತದೋ ಗೊತ್ತಿಲ್ಲ, ಕಾಯುತ್ತಿರಿ' ಎಂದು ಆಶೀರ್ವಾದ ಮಾಡಿದರು. ನನ್ನ ಸರದಿ ಬಂದಾಗ ಊಟದ ಹೊತ್ತಾಗಿತ್ತು. ಎರಡು ನಿಮಿಷ ಎಂದರು. ಎರಡು ನಿಮಿಷದಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ನನ್ನ ಪಾಪ ಒಪ್ಪಿಕೊಂಡುಬಿಡುತ್ತೇನೆ. 1985ರಲ್ಲಿ ಒಂದು ಪತ್ರಿಕೆಯ ಭಾನುವಾರದ ಪುರವಣಿಗೆ ನಾನು ಬರೆದ ಲೇಖನದ ತಲೆಬರಹ 'ಅದೃಷ್ಟ ಕರೆದ ಹುಡುಗ'. ಆರು ಜನ ಹೇಳಿದ ಎರಡು ಮಾತನ್ನೂ ಅವರಿಗಿಂತ ಮೂವತ್ತೊಂಬತ್ತು ವರ್ಷ ಮೊದಲೇ ಹೇಳಿದ್ದವನು ನಾನು. ಲೇಖನ ಬಂದ ವಾರ ಹೆಮ್ಮೆಯಿಂದ ಪತ್ರಿಕೆ ಹಿಡಿದುಕೊಂಡು, ನನ್ನ ಬಾಲ್ಯದ ಗೆಳೆಯನೊಬ್ಬನ ಮನೆಗೆ ಹೋಗಿದ್ದೆ. ಅವರದು ತಲೆಮಾರುಗಳಿಂದ ಮಾವುತರ ಮನೆ. ಗೆಳೆಯನ ದೊಡ್ಡಪ್ಪ ಜಗಲಿಯ ಮೇಲೆ ಕೂತಿದ್ದರು. ಸಾಬುವಿಗಿಂತ ನಾಲ್ಕೈದು ವರ್ಷ ಚಿಕ್ಕವರು. ಓದು ಬರುತ್ತಿರಲಿಲ್ಲ. ನಾನೇ ಗಟ್ಟಿಯಾಗಿ ಓದಿ ಹೇಳಿದೆ. ಪೂರ್ತಿ ಕೇಳಿ, ಬೀಡಿ ಆರಿಸಿ, ಹೇಳಿದರು: 'ಚೆನ್ನಾಗೈತೆ ಮೇಷ್ಟ್ರೇ. ಆದರೆ ಒಂದು ಮಾತು. ಆ ಹುಡುಗ ಬೈಠ್ ಅಂದರೆ ಆನೆ ಕೂರ್ತಿತ್ತಲ್ಲ, ಅದು ಅದೃಷ್ಟಕ್ಕೆ ಕೂರ್ತಿತ್ತಾ?'

ನನಗೆ ಉತ್ತರ ತೋಚಲಿಲ್ಲ. ಅವರು ಬೇರೆ ಬೀಡಿ ಹಚ್ಚಿದರು. ನಾನು ಟೀ ಕುಡಿದು ಬಂದೆ. ಆ ಪ್ರಶ್ನೆ ಮಾತ್ರ ನನ್ನ ಜೊತೆಯಲ್ಲೇ ಬಂತು.

ಈಗ ಕಥೆಯನ್ನು ಇದ್ದ ಹಾಗೆ ನೋಡೋಣ. ಸಾಬು ಹುಟ್ಟಿದ್ದು 1924ರ ಜನವರಿ 27ರಂದು, ಮೈಸೂರು ಸಂಸ್ಥಾನದ ಕಾರಾಪುರದಲ್ಲಿ. ಹೆಗ್ಗಡದೇವನಕೋಟೆ ತಾಲ್ಲೂಕು, ಕಬಿನಿ ಹೊಳೆಯ ದಂಡೆ. ಈಗ ಅಲ್ಲಿ ರೆಸಾರ್ಟುಗಳಿವೆ, ಒಂದು ರಾತ್ರಿಗೆ ಮೇಷ್ಟ್ರ ಪಿಂಚಣಿಯ ದೊಡ್ಡ ಪಾಲು ಬೇಕು. ಆಗ ಅದು ಮಹಾರಾಜರ ಬೇಟೆಯ ಕಾಡು, ಪಕ್ಕದ ಕಾಕನಕೋಟೆ ಖೆಡ್ಡಾಕ್ಕೆ ಹೆಸರಾದ ಜಾಗ. ತಂದೆ ಮಾವುತ. ತಾಯಿ ಬೇಗ ತೀರಿಕೊಂಡರು. ತೊಟ್ಟಿಲು ತೂಗಿದ್ದು ಆನೆಯೇ ಎಂಬ ಕಥೆಯೊಂದುಂಟು, ಸಿನಿಮಾ ಪ್ರಚಾರದವರಿಗೆ ಅದು ಬಹಳ ಇಷ್ಟವಾಯಿತು. ಹುಡುಗ ಇನ್ನೂ ಹತ್ತು ತುಂಬುವ ಮೊದಲೇ ತಂದೆಯೂ ಹೋದರು. ಆಮೇಲೆ ಅಣ್ಣ, ಮತ್ತು ಅರಮನೆಯ ಆನೆ ಲಾಯ.

ಆನೆ ಲಾಯ ಎಂದರೆ ಅನಾಥಾಲಯ ಎಂದು ತಿಳಿಯಬೇಡಿ. ಅದು ಕೆಲಸದ ಜಾಗ. ನನ್ನ ಗೆಳೆಯನ ಮನೆಯಲ್ಲಿ ನಾನು ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ. ಬೆಳಕು ಹರಿಯುವ ಮೊದಲು ಏಳಬೇಕು, ರಾತ್ರಿ ಆನೆ ಏನು ತಿಂದಿದೆ, ಎಷ್ಟು ಬಿಟ್ಟಿದೆ ನೋಡಬೇಕು. ಲದ್ದಿ ನೋಡಿ ಹೊಟ್ಟೆ ಸರಿಯಿದೆಯೇ ಹೇಳಬೇಕು. ಹೊಳೆಗೆ ಇಳಿಸಿ ಮೈ ಉಜ್ಜಬೇಕು, ಉಗುರಿನ ಸಂದು, ಕಿವಿಯ ಹಿಂದೆ ಬಿಡದೆ. ಸೊಪ್ಪು ತರಬೇಕು. ಭತ್ತದ ಹುಲ್ಲಿನೊಳಗೆ ಬೆಲ್ಲ, ಕಾಯಿ ಇಟ್ಟು ಕುಸುರೆ ಕಟ್ಟಬೇಕು. ಕಿವಿಯ ಹಿಂದೆ ಕಾಲ್ಬೆರಳಿನಲ್ಲಿ ಎಷ್ಟು ಒತ್ತಿದರೆ ಎಡಕ್ಕೆ ತಿರುಗುತ್ತದೆ, ಎಷ್ಟು ಒತ್ತಿದರೆ ಸಿಟ್ಟಿಗೇಳುತ್ತದೆ ಎಂಬುದನ್ನು ಕಾಲೇ ಕಲಿಯಬೇಕು. ಮದದ ದಿನಗಳಲ್ಲಿ ಯಾವ ಕಡೆಯಿಂದ ಹತ್ತಿರ ಹೋಗಬೇಕು, ಯಾವಾಗ ಹೋಗಲೇಬಾರದು ಎಂಬುದನ್ನು ಒಂದು ಸಲ ತಪ್ಪಿ ಕಲಿಯುವ ಅವಕಾಶವಿಲ್ಲ. ಇದು ಒಂದು ವಿದ್ಯೆ. ಸಂಗೀತಗಾರರ ಮನೆಯ ಹುಡುಗ ಹನ್ನೊಂದನೆಯ ವಯಸ್ಸಿನಲ್ಲಿ ವರ್ಣ ಹಾಡಿದರೆ ನಾವು ಅದನ್ನು ಸಾಧನೆ ಎನ್ನುತ್ತೇವೆ, ಪರಂಪರೆ ಎನ್ನುತ್ತೇವೆ. ಮಾವುತರ ಮನೆಯ ಹುಡುಗ ಅದೇ ವಯಸ್ಸಿನಲ್ಲಿ ಮೂರು ನಾಲ್ಕು ಟನ್ ತೂಕದ ಪ್ರಾಣಿಯನ್ನು ಹೊಳೆ ದಾಟಿಸಿದರೆ ಅದೃಷ್ಟ ಎನ್ನುತ್ತೇವೆ.

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದರು. ದೊಡ್ಡ ಹೆಸರು. 1922ರ 'ನಾನೂಕ್ ಆಫ್ ದಿ ನಾರ್ತ್' ಮಾಡಿದವರು. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಅವರಿಗಾಗಿ ಕಿಪ್ಲಿಂಗನ ಆನೆಗಳ ಟೂಮಾಯ್ ಕಥೆಯನ್ನು ಸಿನಿಮಾ ಮಾಡಬೇಕಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಸಂಸ್ಥಾನ ಆನೆ ಕೊಟ್ಟಿತು, ಕಾಡು ಕೊಟ್ಟಿತು. ಹುಡುಗನನ್ನು ಮೊದಲು ನೋಡಿದವನು ಛಾಯಾಗ್ರಾಹಕ ಆಸ್ಮಂಡ್ ಬೊರಡೇಲ್ ಎಂದು ಕೆಲವರು, ಫ್ಲಾಹರ್ಟಿ ಎಂದು ಕೆಲವರು. ಸಿನಿಮಾ ಪುಸ್ತಕಗಳಲ್ಲಿ ಈ ಜಗಳ ಇನ್ನೂ ಮುಗಿದಿಲ್ಲ. ಕೊಲಂಬಸ್ಸನೋ ಅಮೆರಿಗೋ ವೆಸ್ಪುಚಿಯೋ ಎಂಬ ಜಗಳದ ಹಾಗೆ. ಅಲ್ಲಿ ಮೊದಲೇ ಇದ್ದವರು ಜಗಳದೊಳಗೆ ಬರುವುದೇ ಇಲ್ಲ. ಲಾಯದಲ್ಲಿ ಅವನನ್ನು ಎಲ್ಲರೂ ಬಲ್ಲವರೇ. ಆನೆಗಳಿಗೂ ಅವನ ಗುರುತಿತ್ತು. ಬೊರಡೇಲನಿಗೆ ಗೊತ್ತಿರಲಿಲ್ಲ, ಗೊತ್ತಾಯಿತು. ಇದಕ್ಕೆ ಕಂಡುಹಿಡಿಯುವುದು ಎನ್ನುವುದಾದರೆ ನಾನು ದಿನಾ ಬೆಳಿಗ್ಗೆ ಮೈಸೂರಿನ ಬಸ್ಸನ್ನು ಕಂಡುಹಿಡಿಯುತ್ತೇನೆ.

ಇನ್ನೊಂದು ತಮಾಷೆ. ಆ ಕಥೆಯಲ್ಲಿ ಬರುವ ಆನೆ ಹಿಡಿಯುವ ದೊರೆ ಪೀಟರ್ಸನ್ ಸಾಹೇಬ ನಮ್ಮ ಸ್ಯಾಂಡರ್ಸನ್ನನ ಮಾದರಿ ಎನ್ನುತ್ತಾರೆ. 1870ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಖೆಡ್ಡಾ ಪದ್ಧತಿಯನ್ನು ನೆಲೆಗೊಳಿಸಿದ ಸ್ಯಾಂಡರ್ಸನ್. ಅವನು ತನ್ನ ಅನುಭವವನ್ನು ಪುಸ್ತಕ ಬರೆದು 1878ರಲ್ಲಿ ಅಚ್ಚು ಹಾಕಿಸಿದ. ಗುಂಡಿ ತೋಡಿದವರು, ತಮಟೆ ಬಡಿದು ಆನೆ ಅಟ್ಟಿದವರು, ಹಿಡಿದ ಆನೆಯ ಕಾಲಿಗೆ ಹಗ್ಗ ಹಾಕಲು ಅದರ ಹೊಟ್ಟೆಯ ಕೆಳಗೆ ನುಸುಳಿದವರು ಪುಸ್ತಕ ಬರೆಯಲಿಲ್ಲ. ಹಾಗಾಗಿ ಖೆಡ್ಡಾ ಸ್ಯಾಂಡರ್ಸನ್ನನದಾಯಿತು, ಸಾಬು ಫ್ಲಾಹರ್ಟಿಯ ಹುಡುಗನಾದ.

'ಎಲಿಫೆಂಟ್ ಬಾಯ್' 1937ರಲ್ಲಿ ಬಿಡುಗಡೆಯಾಯಿತು. ಫ್ಲಾಹರ್ಟಿ ಮೈಸೂರಿನಲ್ಲಿ ತೆಗೆದದ್ದರ ಜೊತೆಗೆ ಅಲೆಕ್ಸಾಂಡರನ ತಮ್ಮ ಜೋಲ್ಟನ್ ಕೋರ್ಡಾ ಇಂಗ್ಲೆಂಡಿನ ಡೆನ್ಹ್ಯಾಮ್ ಸ್ಟುಡಿಯೋದಲ್ಲಿ ಕಥೆಯ ಭಾಗ ತೆಗೆದು ಜೋಡಿಸಿದ. ವೆನಿಸ್ ಚಿತ್ರೋತ್ಸವದಲ್ಲಿ ಇಬ್ಬರಿಗೂ ನಿರ್ದೇಶನದ ಪ್ರಶಸ್ತಿ ಬಂತು. ಚಿತ್ರವನ್ನು ಹೊತ್ತ ಹುಡುಗನ ಬಗ್ಗೆ ಎಲ್ಲರೂ ಒಂದೇ ಮಾತು ಹೇಳಿದರು: ಎಷ್ಟು ಸಹಜ!

ಈ 'ಸಹಜ' ಎಂಬ ಮಾತನ್ನು ಸ್ವಲ್ಪ ನಿಲ್ಲಿಸಿ ನೋಡಬೇಕು. ಈ ಚಿತ್ರವನ್ನು ನಾನು ಬಹಳ ತಡವಾಗಿ, ಮೊಮ್ಮಗಳ ಮೊಬೈಲಿನಲ್ಲಿ ನೋಡಿದೆ. ಕಥೆಯಲ್ಲಿ ಟೂಮಾಯ್‌ನ ಅಪ್ಪನನ್ನು ಹುಲಿ ಕೊಲ್ಲುತ್ತದೆ. ಆನೆ ಕಾಳನಾಗನನ್ನು ಬೇರೆ ಮಾವುತನಿಗೆ ವಹಿಸುತ್ತಾರೆ, ಅವನು ಹೊಡೆಯುತ್ತಾನೆ, ಆನೆ ರೇಗುತ್ತದೆ, ಹುಡುಗ ಅದನ್ನು ಸಮಾಧಾನ ಮಾಡುತ್ತಾನೆ. ನಿಜವಾಗಿ ಅಪ್ಪನನ್ನು ಕಳೆದುಕೊಂಡು ಕೆಲವೇ ವರ್ಷವಾದ ಹುಡುಗ, ಗೊತ್ತಿಲ್ಲದ ದೇಶದಲ್ಲಿ, ಹೊಸದಾಗಿ ಕಲಿತ ಭಾಷೆಯಲ್ಲಿ, ಕಣ್ಣು ಕುಕ್ಕುವ ದೀಪಗಳ ಮುಂದೆ, ಅಪ್ಪ ಸತ್ತ ಹುಡುಗನಾಗಿ ನಿಲ್ಲಬೇಕು. ಅದೇ ಚಿತ್ರದಲ್ಲಿ ಮಾಚುವಾ ಅಪ್ಪನ ವೇಷ ಹಾಕಿದ ಇಂಗ್ಲಿಷ್ ನಟ ಅಲನ್ ಜೇಯ್ಸ್ ಮುಖಕ್ಕೆ ಬಣ್ಣ ಬಳಿದುಕೊಂಡು ನಮ್ಮವನಾಗುತ್ತಾನೆ. ಅದು ನಟನೆ. ಸಾಬು ಮಾಡಿದ್ದು ಸಹಜ. ಒಬ್ಬನ ಕೆಲಸಕ್ಕೆ ಕಲೆ ಎಂಬ ಹೆಸರು, ಇನ್ನೊಬ್ಬನ ಕೆಲಸ ಮರದಲ್ಲಿ ಹಣ್ಣು ಬಿಟ್ಟ ಹಾಗೆ ತಾನಾಗಿ ಆದದ್ದು. ಸಹಜ ಎಂದು ಹೊಗಳುವುದು ಕೂಲಿಯನ್ನು ಬಾಕಿ ಇಟ್ಟುಕೊಳ್ಳುವ ಒಂದು ವಿಧಾನ. ಇದು ನಮಗೇನೂ ಹೊಸದಲ್ಲ, ನಮ್ಮ ಅಡುಗೆಮನೆಗಳಲ್ಲಿ ಇದು ಬಹಳ ಕಾಲದಿಂದ ನಡೆದಿದೆ.

ಹೆಸರಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪುಸ್ತಕಗಳಲ್ಲಿ, ನಮ್ಮ ಫ್ಲೆಕ್ಸಿನಲ್ಲಿ ಕೂಡ, 'ಸಾಬು ದಸ್ತಗೀರ್' ಎಂದಿರುತ್ತದೆ. ದಸ್ತಗೀರ್ ಅವನ ಅಣ್ಣ ಶೇಖ್ ದಸ್ತಗೀರನ ಹೆಸರು. ಕಾಗದಪತ್ರದಲ್ಲಿ ತಮ್ಮನಿಗೂ ಅಂಟಿಕೊಂಡಿತು. ಪರದೆಯ ಮೇಲಂತೂ ಬರೀ 'ಸಾಬು'. ನಮ್ಮ ಕಡೆ ಮುಸಲ್ಮಾನರನ್ನೆಲ್ಲ ಸಾಬರು ಎಂದು ಕರೆಯುವ ಅಭ್ಯಾಸವಿರುವುದರಿಂದ ನಮಗೆ ಇದರಲ್ಲಿ ವಿಶೇಷ ಕಾಣುವುದೇ ಇಲ್ಲ. ಹೆಸರು ಕೇಳಬೇಕಾದ ಕಷ್ಟ ಅಲ್ಲೂ ಯಾರೂ ತೆಗೆದುಕೊಳ್ಳಲಿಲ್ಲ, ಇಲ್ಲೂ ಇಲ್ಲ.

1938ರಲ್ಲಿ 'ದಿ ಡ್ರಮ್' ಬಂತು. ಬ್ರಿಟಿಷರ ಪಕ್ಷ ವಹಿಸುವ ಗಡಿನಾಡಿನ ರಾಜಕುಮಾರನ ಪಾತ್ರ. ಬೊಂಬಾಯಿ, ಮದರಾಸುಗಳಲ್ಲಿ ಜನ ಬೀದಿಗಿಳಿದು ಪ್ರತಿಭಟಿಸಿದರು. ಸರಿಯಾಗೇ ಮಾಡಿದರು. ಅದು ಸಾಮ್ರಾಜ್ಯದ ಡಂಗುರವೇ. ಹದಿನಾಲ್ಕು ವರ್ಷದ ಹುಡುಗ ಆ ಕಥೆಯನ್ನು ಆಯ್ದುಕೊಳ್ಳಲಿಲ್ಲ ಎಂದು ಅವನ ಪರವಾಗಿ ಹೇಳಬಹುದು, ಹೇಳುತ್ತೇನೆ. ಆದರೆ ಅವನ ನಗು ಇಲ್ಲದಿದ್ದರೆ ಆ ಚಿತ್ರ ಅಷ್ಟು ಅಪಾಯಕಾರಿ ಆಗುತ್ತಿರಲಿಲ್ಲ ಎಂಬುದೂ ನಿಜ.

ಇನ್ನು 'ದಿ ಥೀಫ್ ಆಫ್ ಬಾಗ್ದಾದ್'. ಇದನ್ನು ನಾನು ಹುಡುಗನಾಗಿದ್ದಾಗ ಮೈಸೂರಿನ ಒಂದು ಟಾಕೀಸಿನಲ್ಲಿ ಬೆಳಗಿನ ಆಟ ನೋಡಿ, ಊರಿನ ಬಸ್ಸು ತಪ್ಪಿಸಿಕೊಂಡು, ಅಪ್ಪನಿಂದ ಒದೆ ತಿಂದಿದ್ದೇನೆ. ಒದೆಗೆ ಮೋಸವಿಲ್ಲದ ಚಿತ್ರ. ಕಳ್ಳ ಹುಡುಗ ಅಬು, ಸೀಸೆಯಿಂದ ಹೊರಬರುವ ದೈತ್ಯ ಜಿನ್, ಹಾರುವ ಕುದುರೆ, ಹಾರುವ ಜಮಖಾನ. 1939ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾಗಿ, ಯುದ್ಧ ಬಂದಿತೆಂದು ಅಮೆರಿಕಕ್ಕೆ ಸಾಗಿ, 1940ರಲ್ಲಿ ಮುಗಿಯಿತು. ಸಾಬು ಅಮೆರಿಕದವನಾದದ್ದು ಹೀಗೆ, ಒಂದು ಚಿತ್ರದ ಬಾಲ ಹಿಡಿದು. ಮೂರು ಆಸ್ಕರ್ ಬಂದವು: ವರ್ಣ ಛಾಯಾಗ್ರಹಣಕ್ಕೆ, ಕಲಾ ನಿರ್ದೇಶನಕ್ಕೆ, ವಿಶೇಷ ಪರಿಣಾಮಕ್ಕೆ. ಜಿನ್ನಿನ ಪಾತ್ರ ಮಾಡಿದ ರೆಕ್ಸ್ ಇಂಗ್ರಾಂ ಕರಿಯ ಅಮೆರಿಕನ್. ಅವರಿಬ್ಬರೇ ನಿಂತು ಮಾತಾಡುವ ದೃಶ್ಯಗಳ ಮುಂದೆ ಉಳಿದ ನಟರೆಲ್ಲ ಅಂಗಡಿಯ ಬೊಂಬೆಗಳು.

ಆದರೆ ಒಂದು ಲೆಕ್ಕ ಕೇಳಿ. ಇದೇ ಹೆಸರಿನ ಮೂಕಿ ಚಿತ್ರ 1924ರಲ್ಲೇ ಬಂದಿತ್ತು, ಸಾಬು ಹುಟ್ಟಿದ ವರ್ಷ. ಅದರಲ್ಲಿ ಬಾಗ್ದಾದಿನ ಕಳ್ಳ ಡಗ್ಲಾಸ್ ಫೇರ್‌ಬ್ಯಾಂಕ್ಸ್. ಕಳ್ಳನೇ ನಾಯಕ, ರಾಜಕುಮಾರಿಯ ಕೈ ಹಿಡಿಯುವವನೂ ಕಳ್ಳನೇ. 1940ಕ್ಕೆ ಬಂದಾಗ ಕಳ್ಳ ಕಂದು ಬಣ್ಣದ ಹುಡುಗನಾದ. ಕೂಡಲೇ ಒಬ್ಬ ನಾಯಕ ಇಬ್ಬರಾದರು! ರಾಜಕುಮಾರಿಯನ್ನು ಪ್ರೀತಿಸುವ ಕೆಲಸಕ್ಕೆ ಜಾನ್ ಜಸ್ಟಿನ್ ಎಂಬ ಬಿಳಿಯ ಅಹ್ಮದ್. ಹುಲಿಯಂಥ ಕೆಲಸಗಳಿಗೆಲ್ಲ ಸಾಬು. ಜೇಡನ ಜೊತೆ ಹೋರಾಡುವವನು ಸಾಬು, ಕಣ್ಣುಮಣಿ ಕದಿಯುವವನು ಸಾಬು, ಕೊನೆಗೆ ಜಮಖಾನದ ಮೇಲೆ ಹಾರಿ ಬಂದು ಖಳನನ್ನು ಕೊಲ್ಲುವವನೂ ಸಾಬು. ಮದುವೆ ಅಹ್ಮದನಿಗೆ. ಹುಡುಗನನ್ನು ಓದಿಸಿ ವಜೀರನನ್ನಾಗಿ ಮಾಡುತ್ತೇನೆ ಎಂದು ರಾಜ ಹೇಳುವಾಗ ಸಾಬು ಜಮಖಾನ ಹತ್ತಿ ಓಡಿಹೋಗುತ್ತಾನೆ. ಚಿಕ್ಕಂದಿನಲ್ಲಿ ನಾನು ಅಲ್ಲಿ ಚಪ್ಪಾಳೆ ಹೊಡೆದಿದ್ದೆ. ಈಗ ನೋಡಿದರೆ, ಆ ಕಥೆಯೊಳಗೆ ಅವನಿಗೆ ಇಟ್ಟಿದ್ದ ಬಾಗಿಲು ಅದೊಂದೇ. ಚಿಕ್ಕವನೆಂದು ಹಾಗೆ ಮಾಡಿದರು ಎನ್ನುವಿರಾ? ಸರಿ, ಅವನು ದೊಡ್ಡವನಾದ ಮೇಲೆ ಏನಾಯಿತು ನೋಡೋಣ.

1942ರಲ್ಲಿ 'ಜಂಗಲ್ ಬುಕ್', ಮೊಗ್ಲಿಯ ಪಾತ್ರ, ಕ್ಯಾಲಿಫೋರ್ನಿಯಾದಲ್ಲಿ ನೆಟ್ಟು ಬೆಳೆಸಿದ ಭಾರತದ ಕಾಡು. ಅದರ ಸಂಗೀತ ಗ್ರಾಮಫೋನ್ ತಟ್ಟೆಗಳಾಗಿ ಬಂದಾಗ ನಡುವೆ ಕಥೆ ಹೇಳುವ ದನಿಯೂ ಸಾಬುವಿನದೇ. ಐದಾರು ವರ್ಷದ ಹಿಂದೆ ಆ ಭಾಷೆಯ ಗಂಧ ಇಲ್ಲದವನು! ಇದು ಅದೃಷ್ಟದಿಂದ ಬಂದ ಇಂಗ್ಲಿಷಾ? ಆಮೇಲೆ ಯೂನಿವರ್ಸಲ್ ಕಂಪನಿ: 'ಅರೇಬಿಯನ್ ನೈಟ್ಸ್', 'ವೈಟ್ ಸ್ಯಾವೇಜ್', 'ಕೋಬ್ರಾ ವುಮನ್'. ಮೂರರಲ್ಲೂ ಜಾನ್ ಹಾಲ್ ಮತ್ತು ಮರಿಯಾ ಮಾಂಟೆಜ್ ಜೋಡಿ, ಸಾಬು ಜೊತೆಗಾರ. ಬಣ್ಣದ ಮಿಠಾಯಿಯಂಥ ಚಿತ್ರಗಳು, ಅವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಇಲ್ಲಿಯವರೆಗೆ ನಾನು ಅವನು, ಅವನ ಎಂದು ಏಕವಚನದಲ್ಲೇ ಬರೆದುಕೊಂಡು ಬಂದೆ. ಹುಡುಗ ತಾನೇ. ಸಮಾರಂಭದಲ್ಲಿ ಆರು ಭಾಷಣಕಾರರೂ ಕೊನೆಯವರೆಗೆ ಏಕವಚನದಲ್ಲೇ ಮಾತಾಡಿದರು. ಫ್ಲಾಹರ್ಟಿಯವರು, ಕೋರ್ಡಾ ಅವರು, ಮಹಾರಾಜರು ಬಹುವಚನ. ಸಾಬು ಮಾತ್ರ ಹುಡುಗ. ನಾನು ಇಲ್ಲಿಂದ ಬದಲಾಯಿಸುತ್ತೇನೆ. 1944ರಲ್ಲಿ ಸಾಬು ಅವರು ಅಮೆರಿಕದ ಪೌರರಾದರು, ಅಲ್ಲಿನ ಸೇನೆಯ ವಾಯುದಳ ಸೇರಿದರು. ಆಗ ಇಪ್ಪತ್ತು ವರ್ಷ. ನೆನಪಿಡಿ, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರರಾಗಲು ಅರ್ಹರಲ್ಲ ಎಂದು ಆ ದೇಶದ ಸುಪ್ರೀಂ ಕೋರ್ಟು 1923ರಲ್ಲಿ ತೀರ್ಪು ಕೊಟ್ಟಿತ್ತು. ಸಾಮಾನ್ಯ ಭಾರತೀಯನಿಗೆ ಕಾನೂನು ಬಾಗಿಲು ತೆರೆದದ್ದು 1946ರಲ್ಲಿ, ಅದೂ ವರ್ಷಕ್ಕೆ ನೂರು ಜನ ಬರಬಹುದು ಎಂಬ ಲೆಕ್ಕದಲ್ಲಿ. ಸಾಬು ಅವರು ಬಿ-24 ಬಾಂಬರ್ ವಿಮಾನದಲ್ಲಿ ಬಂದೂಕುಗಾರರಾಗಿ ಪೆಸಿಫಿಕ್ ಸಾಗರದ ಮೇಲೆ ಜಪಾನೀಯರ ವಿರುದ್ಧ ಮತ್ತೆ ಮತ್ತೆ ಹಾರಿದರು. ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಬಂತು. ಸಿನಿಮಾ ತಾರೆ ಎಂದು ಊರೂರಿಗೆ ಹೋಗಿ ಯುದ್ಧದ ಬಾಂಡು ಮಾರುತ್ತಾ ಕೂರಬಹುದಿತ್ತು. ಬೀಳುವ ವಿಮಾನದೊಳಗೆ ಕೂತು ಗುಂಡು ಹಾರಿಸುವ ಕೆಲಸಕ್ಕೆ ಹೋದರು. ಶತಮಾನೋತ್ಸವದಲ್ಲಿ ಇದನ್ನು ಯಾರೂ ಹೇಳಲಿಲ್ಲ, ಯಾಕೆಂದರೆ ಇದು ಆನೆಯ ಹುಡುಗನ ಕಥೆಗೆ ಹೊಂದುವುದಿಲ್ಲ.

ಯುದ್ಧ ಮುಗಿಸಿ ಬಂದ ಮನುಷ್ಯನಿಗೆ ಸಿನಿಮಾದವರು ಕೊಟ್ಟದ್ದೇನು? 1947ರ 'ಬ್ಲ್ಯಾಕ್ ನಾರ್ಸಿಸಸ್' ಒಂದು ಒಳ್ಳೆಯ ಚಿತ್ರ. ಪವೆಲ್ ಮತ್ತು ಪ್ರೆಸ್‌ಬರ್ಗರ್ ಜೋಡಿಯದು. ಹಿಮಾಲಯವನ್ನು ಇಂಗ್ಲೆಂಡಿನಲ್ಲೇ ಗಾಜು, ಬಣ್ಣ, ಪರದೆಗಳಲ್ಲಿ ಕಟ್ಟಿದ ಚಿತ್ರ, ಛಾಯಾಗ್ರಹಣಕ್ಕೂ ಕಲೆಗೂ ಆಸ್ಕರ್ ಬಂತು. ಸಾಬು ಅವರದು ಲಂಡನ್ನಿನ ಅಂಗಡಿಯಿಂದ ತರಿಸಿದ ಸೆಂಟು ಹಾಕಿಕೊಂಡು ಸನ್ಯಾಸಿನಿಯರ ಶಾಲೆಗೆ ಓದಲು ಬರುವ ಯುವ ರಾಜಕುಮಾರನ ಪಾತ್ರ. ಹಾಸ್ಯವೂ ಉಂಟು, ನೋವೂ ಉಂಟು. ಆನೆ ಇಲ್ಲ, ಬರಿಮೈ ಇಲ್ಲ. ಈ ನಟನಿಗೆ ಏನು ಸಾಧ್ಯವಿತ್ತು ಎಂದು ತಿಳಿಯಬೇಕಾದರೆ ಇದನ್ನು ನೋಡಬೇಕು. ಆದರೆ ಅಲ್ಲೂ ಅವರ ಎದುರು ಕಾಂಚಿ ಎಂಬ ಪಹಾಡಿ ಹುಡುಗಿಯಾಗಿ ಇಂಗ್ಲಿಷ್ ನಟಿ ಜೀನ್ ಸಿಮನ್ಸ್ ಕಂದು ಬಣ್ಣ ಬಳಿದುಕೊಂಡು ನಿಂತಿದ್ದಾಳೆ, ಮುದುಕ ಜನರಲ್ ಕೂಡ ಬಣ್ಣ ಬಳಿದ ಇಂಗ್ಲಿಷಿನವನೇ.

ಮುಂದೆ ಇಳಿಜಾರು. ಅದೇ ವರ್ಷದ 'ದಿ ಎಂಡ್ ಆಫ್ ದಿ ರಿವರ್'ನಲ್ಲಿ ಅಮೆಜಾನಿನ ಆದಿವಾಸಿ. ಹಿಂದಿನ ವರ್ಷ 'ಟ್ಯಾಂಜಿಯರ್'ನಲ್ಲಿ ಪೆಪೆ. 'ಸ್ಯಾವೇಜ್ ಡ್ರಮ್ಸ್'ನಲ್ಲಿ ದಕ್ಷಿಣ ಸಮುದ್ರದ ದ್ವೀಪದವನು. ಬಾಗ್ದಾದಿನವನು, ಗಡಿನಾಡಿನವನು, ಹಿಮಾಲಯದವನು, ಬ್ರೆಜಿಲಿನವನು. ಮೈ ಕಂದು ಇದ್ದರಾಯಿತು, ಭೂಪಟದ ಯಾವ ಮೂಲೆಗೂ ಸಲ್ಲುತ್ತದೆ. ಸಲ್ಲದಿದ್ದ ಜಾಗ ಒಂದೇ, ಅವರು ತೆರಿಗೆ ಕಟ್ಟುತ್ತಿದ್ದ, ಹೆಂಡತಿ ಮಕ್ಕಳೊಡನೆ ಬದುಕುತ್ತಿದ್ದ ಅಮೆರಿಕದ ಒಂದು ಬೀದಿ. ಆ ಬೀದಿಯಲ್ಲಿ ಅಂಗಡಿ ಇಟ್ಟುಕೊಂಡವನ, ಯುದ್ಧದಿಂದ ಮರಳಿದ ಸೈನಿಕನ, ಗಂಡನ ಪಾತ್ರ ಯಾರೂ ಕೊಡಲಿಲ್ಲ. 1950ರ ದಶಕದ ಆರಂಭದಲ್ಲಿ ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆಗಳ ಜೊತೆ ಪ್ರದರ್ಶನ ಕೊಟ್ಟರು. ಪದಕ ಪಡೆದ ಯೋಧ ಮತ್ತೆ ಆನೆಯ ಬೆನ್ನಿಗೆ. ಜೀವನಕ್ಕೆ ಅಣ್ಣನ ಜೊತೆ ಪೀಠೋಪಕರಣದ ಅಂಗಡಿ ಇಟ್ಟರು. 1960ರಲ್ಲಿ ಆ ಅಂಗಡಿಗೆ ನುಗ್ಗಿದ ದರೋಡೆಯಲ್ಲಿ ಅಣ್ಣ ಕೊಲೆಯಾದರು.

ಇಷ್ಟು ಹೇಳಿದ್ದಕ್ಕೆ, ಹಾಲಿವುಡ್ಡನ್ನು ಬೈಯುವುದು ಸುಲಭ ಮೇಷ್ಟ್ರೇ, ನಮ್ಮದಲ್ಲವಲ್ಲ ಎನ್ನಬಹುದು. ಅದಕ್ಕೇ ಬರುತ್ತಿದ್ದೇನೆ. ಮೆಹಬೂಬ್ ಖಾನ್ 'ಮದರ್ ಇಂಡಿಯಾ' ತೆಗೆಯಲು ಹೊರಟಾಗ ಬಿರ್ಜು ಪಾತ್ರಕ್ಕೆ ಸಾಬು ಅವರನ್ನು ಆರಿಸಿದ್ದರು. ಸಾಲಗಾರನ ವಿರುದ್ಧ ತಿರುಗಿ ಬೀಳುವ, ತಾಯಿಯ ಕೈಯಲ್ಲೇ ಗುಂಡು ತಿನ್ನುವ ಮಗ. ಆನೆಯೂ ಇಲ್ಲ, ಜಮಖಾನವೂ ಇಲ್ಲ, ಭಾರತದ ಹಳ್ಳಿಯ ಸಿಟ್ಟಿನ ಗಂಡಸು. ಆದರೆ ಅಮೆರಿಕದ ಪೌರನಾದವರಿಗೆ ಭಾರತದಲ್ಲಿ ಕೆಲಸ ಮಾಡುವ ಪರವಾನಗಿ ಸಿಗಲಿಲ್ಲ. ಪಾತ್ರ ಸುನಿಲ್ ದತ್ತರಿಗೆ ಹೋಯಿತು, ಅವರು ಚೆನ್ನಾಗಿಯೇ ಮಾಡಿದರು, 1957ರಲ್ಲಿ ಚಿತ್ರ ಬಂತು, ಚರಿತ್ರೆಯಾಯಿತು. ಅದೇ ವರ್ಷ ಅಮೆರಿಕದಲ್ಲಿ ಬಂದ ಚಿತ್ರ 'ಸಾಬು ಅಂಡ್ ದಿ ಮ್ಯಾಜಿಕ್ ರಿಂಗ್'. ಮೂವತ್ತಮೂರು ವರ್ಷದ ಮನುಷ್ಯ ಮತ್ತೆ ಲಾಯದ ಹುಡುಗ, ಕೈಗೆ ಮಾಯದ ಉಂಗುರ! ಭಾರತದಲ್ಲಿ ಹುಟ್ಟಿದ ಸಾಬು ಭಾರತದ ಒಂದು ಚಿತ್ರದಲ್ಲೂ ನಟಿಸದೆ ಹೋದರು. ಆಗ ಪರವಾನಗಿ ಕೊಡದವರು ನಾವು, ಈಗ 'ನಮ್ಮ ಮಣ್ಣಿನ ಮಗ' ಎಂದು ಫ್ಲೆಕ್ಸು ಕಟ್ಟುವವರೂ ನಾವು. ಕಾಗದದ ಮೇಲೆ ಅನ್ಯ ದೇಶದವನು, ಹಾರ ಹಾಕುವಾಗ ನಮ್ಮವನು.

1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಮೂವತ್ತೊಂಬತ್ತು ವರ್ಷ. ಕೊನೆಯ ಚಿತ್ರ, ಡಿಸ್ನಿಯ 'ಎ ಟೈಗರ್ ವಾಕ್ಸ್', ಮರುವರ್ಷ ಬಿಡುಗಡೆಯಾಯಿತು. ಅದರಲ್ಲಿ ಅವರದು ಹುಲಿ ಪಳಗಿಸುವ ಭಾರತೀಯನ ಪಾತ್ರ.

ಅದೇ 1963ರಲ್ಲಿ ನಾನು ನಾಲ್ಕನೆಯ ಕ್ಲಾಸು. ಆಗಲೇ ಹೇಳಿದ ಗೆಳೆಯ ನನ್ನ ಪಕ್ಕದಲ್ಲಿ ಕೂರುತ್ತಿದ್ದ. ಮಗ್ಗಿ ತಪ್ಪಿದಾಗ ನಮ್ಮ ಮೇಷ್ಟ್ರೊಬ್ಬರು ಅವನಿಗೆ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ: 'ಲದ್ದಿ ಹೊರೋದಕ್ಕೆ ಹುಟ್ಟಿದವನಿಗೆ ಮಗ್ಗಿ ಯಾಕೋ?' ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಲದ್ದಿಯ ವಾಸನೆಯಲ್ಲೇ ಆನೆಯ ಹೊಟ್ಟೆನೋವು ಹೇಳಬಲ್ಲ ಹುಡುಗ ಮಾರನೆಯ ವಾರದಿಂದ ಶಾಲೆಗೆ ಬರಲಿಲ್ಲ. ಕಾವಾಡಿಯಾದ, ಮಾವುತನಾದ. 1971ರಲ್ಲಿ ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದಾಗ ಹದಿನೇಳು ಹದಿನೆಂಟರ ಹುಡುಗ, ಹಗ್ಗದ ಕೆಲಸದಲ್ಲಿದ್ದ. ಮೂರು ವರ್ಷಕ್ಕೆ ಕಬಿನಿ ಅಣೆಕಟ್ಟಿನ ನೀರು ಆ ಜಾಗವನ್ನು ಮುಚ್ಚಿತು. ನಾನು ಮೇಷ್ಟ್ರಾದೆ. ಆ ಮೇಷ್ಟ್ರು ಹೇಳಿದ್ದಕ್ಕೂ ನಾನು 1985ರಲ್ಲಿ ಬರೆದದ್ದಕ್ಕೂ ಏನು ವ್ಯತ್ಯಾಸ ಎಂದು ಬಹಳ ಸಲ ಯೋಚಿಸಿದ್ದೇನೆ. ಒಬ್ಬರು ಅದನ್ನು ಲದ್ದಿ ಹೊರುವ ಕೆಲಸ ಎಂದರು, ನಾನು ಅದೃಷ್ಟ ಎಂದೆ. ವಿದ್ಯೆ ಎಂದು ಇಬ್ಬರೂ ಹೇಳಲಿಲ್ಲ.

ಈಗ ಪ್ರತಿ ದಸರಾಕ್ಕೆ ಆನೆಗಳ ಜೊತೆ ಮಾವುತರ, ಕಾವಾಡಿಗಳ ಸಂಸಾರಗಳು ಮೈಸೂರಿಗೆ ಬಂದು ಅರಮನೆಯ ಆವರಣದಲ್ಲಿ ಬಿಡಾರ ಹೂಡುತ್ತವೆ. ಮಕ್ಕಳಿಗೆ ಅಲ್ಲೇ ಟೆಂಟ್ ಶಾಲೆ ನಡೆಸುತ್ತಾರೆ, ಒಳ್ಳೆಯ ಕೆಲಸ. ಕ್ಯಾಮರಾದವರು ಮುಗಿಬೀಳುತ್ತಾರೆ. 2024ರ ದಸರಾದಲ್ಲಿ ಗೆಳೆಯನ ಮಗನ ಸಂಸಾರವೂ ಬಂದಿತ್ತು. ಮೊಮ್ಮಗ ಒಂಬತ್ತು ವರ್ಷದವನು, ಆನೆಯ ಸೊಂಡಿಲಿಗೆ ಒರಗಿ ನಿಂತು ಪುಸ್ತಕ ಓದುತ್ತಿರುವ ಫೋಟೋ ಒಂದು ಪತ್ರಿಕೆಯ ಮೊದಲ ಪುಟದಲ್ಲಿ ಬಂತು. ಕೆಳಗೆ ದಪ್ಪ ಅಕ್ಷರದಲ್ಲಿ 'ನಮ್ಮೂರ ಜೂನಿಯರ್ ಸಾಬು'. ಗೆಳೆಯ ಆ ಪತ್ರಿಕೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಮಂಡಿನೋವಿನಲ್ಲಿ ಕುಂಟುತ್ತಾ, ಬಸ್ಸು ಹತ್ತಿ ನಮ್ಮ ಮನೆಗೇ ಬಂದ. ಕೂತು ನೀರು ಕುಡಿದು, ಪತ್ರಿಕೆ ಬಿಡಿಸಿ ನನ್ನ ಮುಂದೆ ಇಟ್ಟ.

'ಇದರಲ್ಲಿ ಹುಡುಗನ ಹೆಸರು ಎಲ್ಲೈತೆ ನೋಡಿ ಹೇಳೋ' ಎಂದ. 'ಬೆರಳಿಟ್ಟು ತೋರಿಸು, ಅವಳಿಗೆ ತೋರಿಸಬೇಕು.'

ನಾನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ಆನೆಯ ಹೆಸರಿತ್ತು.